ಬಚ್ಚಲಮನೆಯ ಬೂಷ್ಟಿಗೆ ವಿನೆಗರೋ, ಬ್ಲೀಚೋ? ಯಾವ ಜಾಗಕ್ಕೆ ಯಾವುದು

ಮಳೆಗಾಲ ಹಿಡಿದು ಎರಡು ವಾರ ಕಳೆಯುವಷ್ಟರಲ್ಲಿ ಬಚ್ಚಲಮನೆಯ ಮೂಲೆಗಳಲ್ಲಿ, ಟೈಲ್ಸ್ ಸಂದುಗಳಲ್ಲಿ, ಗೀಸರ್ ಹಿಂದಿನ ಗೋಡೆಯಲ್ಲಿ ಕಪ್ಪು ಚುಕ್ಕೆಗಳು ಏಳುತ್ತವೆ. ಆಗ ಮನೆಯಲ್ಲಿ ಎರಡು ಪಕ್ಷವಾಗುತ್ತದೆ. ಒಬ್ಬರು ವಿನೆಗರ್, ಅಡುಗೆ ಸೋಡಾ, ನಿಂಬೆಹಣ್ಣು ಅನ್ನುತ್ತಾರೆ. ಇನ್ನೊಬ್ಬರು ಅಂಗಡಿಯಿಂದ ಬ್ಲೀಚೋ ಆಸಿಡೋ ತಂದು ಸುರಿದರೆ ಆಯಿತು ಅನ್ನುತ್ತಾರೆ. ಇಬ್ಬರದೂ ಅರ್ಧ ಸರಿ. ಬೂಷ್ಟು ಕೂತಿರುವುದು ಯಾವುದರ ಮೇಲೆ ಎಂದು ನೋಡದೆ ಬಾಟಲಿಗೆ ಕೈಹಾಕಿದರೆ ಎರಡೂ ಕೈಕೊಡುತ್ತವೆ. ಹೊಳಪಿನ ಟೈಲ್ಸ್ ಮೇಲೆ ಚೆನ್ನಾಗಿ ಕೆಲಸ ಮಾಡಿದ್ದು ಸಿಲಿಕೋನ್ ಪಟ್ಟಿಯ ಮೇಲೆ ಏನೂ ಮಾಡುವುದಿಲ್ಲ. ಉಪ್ಪುಕಲೆಗೆ ಸೊಗಸಾಗಿ ಹೊಂದಿದ್ದು ಶಹಾಬಾದ್ ಕಲ್ಲನ್ನು ಕೆಡಿಸಿಬಿಡುತ್ತದೆ.

ಇನ್ನೊಂದು ವಿಷಯವನ್ನು ಮೊದಲೇ ಹೇಳಬೇಕು. ಬೂಷ್ಟನ್ನು ಕೊಂದರೆ ಸಾಲದು, ತೆಗೆಯಬೇಕು. ಸತ್ತ ಬೂಷ್ಟಿನ ಕಣಗಳೂ ಅಲರ್ಜಿ, ಉಬ್ಬಸ ಇರುವವರಿಗೆ ತೊಂದರೆ ಕೊಡುತ್ತವೆ. ಹಾಗಾಗಿ ಸಿಂಪಡಿಸಿ ಬಿಟ್ಟುಬಿಡುವ ಯಾವ ವಿಧಾನವೂ ಪೂರ್ತಿ ಅಲ್ಲ. ಬ್ರಷ್ಷು, ನೀರು, ಕೊನೆಗೆ ಒಣಬಟ್ಟೆ ಇವು ಮೂರೂ ಬೇಕೇಬೇಕು.

ಅದು ಬೂಷ್ಟೇ ಹೌದೇ?

ಬಚ್ಚಲಿನಲ್ಲಿ ಕಾಣುವ ಕಲೆಗಳೆಲ್ಲ ಬೂಷ್ಟಲ್ಲ. ಕಪ್ಪು, ಕಡುಹಸಿರು ಅಥವಾ ಕಂದು ಬಣ್ಣದ ಚುಕ್ಕೆಗಳು ಗುಂಪುಗುಂಪಾಗಿ ಹರಡಿದ್ದು, ಬೆರಳಿನಿಂದ ಉಜ್ಜಿದರೆ ಸ್ವಲ್ಪ ಅಂಟಿಕೊಂಡು ಬಂದರೆ ಅದು ಬೂಷ್ಟು. ನೆಲದ ಮೇಲೆ, ಅದರಲ್ಲೂ ಬೆಳಕು ಬೀಳುವ ಕಡೆ, ಹಸಿರಾಗಿ ಜಾರುವಂತಿದ್ದರೆ ಪಾಚಿ. ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಬ್ರಷ್ಷಿನಲ್ಲಿ ಉಜ್ಜಿದರೆ ಹೋಗುತ್ತದೆ. ಬಕೆಟ್ಟಿನ ತಳದಲ್ಲಿ, ಕಮೋಡಿನ ನೀರಿನ ಗೆರೆಯಲ್ಲಿ, ಶವರ್ ಪರದೆಯ ಅಂಚಿನಲ್ಲಿ ತಿಳಿಗುಲಾಬಿ ಬಣ್ಣದ ಲೋಳೆ ಕಂಡರೆ ಅದು ಸಾಮಾನ್ಯವಾಗಿ ಬ್ಯಾಕ್ಟೀರಿಯ, ಶಿಲೀಂಧ್ರವಲ್ಲ. ಸೋಪಿನ ಜಿಡ್ಡು ಅದರ ಆಹಾರ. ಸಾಬೂನು ನೀರು ಹಾಕಿ ಉಜ್ಜಿದರೆ ಹೋಗುತ್ತದೆ, ವಾರಕ್ಕೊಮ್ಮೆ ಉಜ್ಜದಿದ್ದರೆ ಮತ್ತೆ ಬರುತ್ತದೆ.

ಬೋರ್‌ವೆಲ್ ನೀರಿನ ಮನೆಗಳಲ್ಲಿ ನಲ್ಲಿಯ ಸುತ್ತ, ಟೈಲ್ಸ್ ಮೇಲೆ ಬಿಳಿ ಪದರ ಕಟ್ಟುತ್ತದಲ್ಲ, ಅದು ಗಡಸು ನೀರಿನ ಉಪ್ಪು. ಈ ಪದರ ಒರಟಾಗಿರುವುದರಿಂದ ಸೋಪಿನ ಜಿಡ್ಡು ಅದಕ್ಕೆ ಕಚ್ಚಿಕೊಳ್ಳುತ್ತದೆ, ಜಿಡ್ಡಿನ ಮೇಲೆ ಬೂಷ್ಟು ಬೆಳೆಯುತ್ತದೆ. ಇಂಥ ಕಡೆ ಬರೀ ಬ್ಲೀಚ್ ಹಾಕಿದರೆ ಮೇಲಿನ ಕಪ್ಪು ಮಾಸುತ್ತದೆ, ಕೆಳಗಿನ ಉಪ್ಪು ಹಾಗೇ ಉಳಿದು ತಿಂಗಳೊಳಗೆ ಮತ್ತೆ ಕಪ್ಪಾಗುತ್ತದೆ. ಬೂಷ್ಟೋ ಬರೀ ಕೊಳೆಯೋ ಎಂಬ ಅನುಮಾನವಿದ್ದರೆ ಕಲೆಯ ಮೇಲೆ ಒಂದೆರಡು ಹನಿ ಬ್ಲೀಚ್ ಬಿಟ್ಟು ಎರಡು ನಿಮಿಷ ಕಾಯಿರಿ. ಬಣ್ಣ ಮಾಸಿದರೆ ಹೆಚ್ಚುಕಡಿಮೆ ಬೂಷ್ಟೇ. ಕಪ್ಪಾಗಿಯೇ ಉಳಿದರೆ ಕೊಳೆ, ತುಕ್ಕು ಇಂಥದ್ದೇನೋ ಇರಬೇಕು.

ಬಣ್ಣ ನೋಡಿ ಹೆದರಬೇಕಾಗಿಲ್ಲ. ಕಪ್ಪು ಬೂಷ್ಟೆಲ್ಲ ವಿಷ ಎಂದು ವಾಟ್ಸ್ಯಾಪಿನಲ್ಲಿ ಓಡಾಡುವ ಮಾತಿಗೆ ಆಧಾರವಿಲ್ಲ. ಬಣ್ಣದಿಂದ ಬೂಷ್ಟಿನ ಜಾತಿಯನ್ನೂ ಹೇಳಲಾಗದು, ಅಪಾಯವನ್ನೂ ಹೇಳಲಾಗದು.

ಅಡುಗೆಮನೆಯ ಕಡೆಯಿಂದ

ಬಿಳಿ ವಿನೆಗರ್ ಈ ಪಕ್ಷದ ಮುಂದಾಳು. ದಿನಸಿ ಅಂಗಡಿಯ ಬಾಟಲಿಯಲ್ಲಿ ಸಾಮಾನ್ಯವಾಗಿ ಶೇ 4ರ ಆಸುಪಾಸು ಅಸಿಟಿಕ್ ಆಮ್ಲ ಇರುತ್ತದೆ. ಬೂಷ್ಟಿಗೆ ಇದನ್ನು ನೀರು ಬೆರೆಸದೆ ಹಾಕಬೇಕು. ಅರ್ಧಕ್ಕರ್ಧ ನೀರು ಬೆರೆಸಿ ಸಿಂಪಡಿಸಿ ಎಂಬ ಸಲಹೆಯೇ ಹೆಚ್ಚು ಕಾಣಿಸುತ್ತದೆ. ಮೊದಲೇ ಶೇ 4 ಇರುವುದನ್ನು ಶೇ 2ಕ್ಕೆ ಇಳಿಸಿದರೆ ವಾಸನೆ ಉಳಿಯುತ್ತದೆ, ಕಸುವು ಉಳಿಯುವುದಿಲ್ಲ. ಸ್ಪ್ರೇ ಬಾಟಲಿಗೆ ಹಾಗೇ ತುಂಬಿ, ಕಲೆ ತೊಯ್ಯುವಷ್ಟು ಸಿಂಪಡಿಸಿ, ಒಂದು ಗಂಟೆ ಬಿಟ್ಟು ಉಜ್ಜಿ, ತೊಳೆದು ಒರೆಸಬೇಕು. ಗೋಡೆಯಿಂದ ಇಳಿದುಹೋಗುತ್ತಿದ್ದರೆ ಟಿಶ್ಯೂ ಕಾಗದವನ್ನು ವಿನೆಗರಿನಲ್ಲಿ ಅದ್ದಿ ಅಂಟಿಸಿ.

ವಿನೆಗರ್ ಎಲ್ಲ ಬೂಷ್ಟಿಗೂ ಒಂದೇ ಥರ ನಾಟುವುದಿಲ್ಲ. 2015ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ ವಿನೆಗರ್ ಪೆನಿಸಿಲಿಯಂ ಜಾತಿಯ ಒಂದು ಬೂಷ್ಟನ್ನು ತಡೆಯಿತು, ಆಸ್ಪರ್‌ಜಿಲಸ್ ಜಾತಿಯದನ್ನು ತಡೆಯಲಿಲ್ಲ. ಒಬ್ಬರ ಮನೆಯಲ್ಲಿ ಪವಾಡ ಮಾಡಿದ ವಿನೆಗರ್ ಪಕ್ಕದ ಮನೆಯಲ್ಲಿ ಏನೂ ಮಾಡದಿರುವುದಕ್ಕೆ ಇದೂ ಒಂದು ಕಾರಣ. ಎರಡನೆಯದಾಗಿ, ವಿನೆಗರಿಗೆ ಬಣ್ಣ ತೆಗೆಯುವ ಗುಣವಿಲ್ಲ. ಬೂಷ್ಟು ಸತ್ತರೂ ಅದು ಬಿಟ್ಟ ಕಪ್ಪು ಕಲೆ ಸಂದಿನಲ್ಲಿ ಉಳಿಯುತ್ತದೆ.

ವಿನೆಗರ್ ನಿಜವಾಗಿ ಗೆಲ್ಲುವುದು ಉಪ್ಪಿನ ಪದರದ ಮೇಲೆ. ಇದೇ ಕೆಲಸಕ್ಕೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಹರಳು, ಇನ್ನೂ ಅಗ್ಗ ಮತ್ತು ವಾಸನೆಯಿಲ್ಲ: ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ, ಹತ್ತು ಹದಿನೈದು ನಿಮಿಷ, ಉಜ್ಜಿ ತೊಳೆಯಿರಿ. ನಿಂಬೆಹಣ್ಣು ಹಿಂಡಿ ಉಜ್ಜುವುದಕ್ಕಿಂತ ಇದು ಮೇಲು. ನಿಂಬೆರಸದಲ್ಲಿ ಸಕ್ಕರೆಯ ಅಂಶವೂ ಇರುತ್ತದೆ. ಸರಿಯಾಗಿ ತೊಳೆಯದಿದ್ದರೆ ಅದು ಬೂಷ್ಟಿಗೇ ಊಟ.

ಅಡುಗೆ ಸೋಡಾ ಬೂಷ್ಟನ್ನು ಕೊಲ್ಲುವುದು ಅಷ್ಟಕ್ಕಷ್ಟೆ. ಆದರೆ ಗೀರು ಬೀಳದಂತೆ ಉಜ್ಜಲು ಅದರಷ್ಟು ಒಳ್ಳೆಯ ಪುಡಿ ಇನ್ನೊಂದಿಲ್ಲ. ಮೂರು ಚಮಚ ಸೋಡಾಕ್ಕೆ ಒಂದು ಚಮಚ ನೀರು ಹಾಕಿ ಕಲಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಸೋಡಾ ಮತ್ತು ವಿನೆಗರ್ ಸೇರಿಸಿ ನೊರೆ ಬರಿಸುವ ಪದ್ಧತಿಯನ್ನು ಮಾತ್ರ ಕೈಬಿಡುವುದು ಒಳ್ಳೆಯದು. ಆಮ್ಲವೂ ಕ್ಷಾರವೂ ಒಂದನ್ನೊಂದು ಹೊಡೆದುಹಾಕಿ ಕೊನೆಗೆ ಉಳಿಯುವುದು ನೀರು, ಸ್ವಲ್ಪ ಸೋಡಿಯಂ ಅಸಿಟೇಟ್ ಲವಣ ಅಷ್ಟೇ. ಗುಳ್ಳೆಯಾಗಿ ಹೋದದ್ದು ಇಂಗಾಲದ ಡೈಆಕ್ಸೈಡ್. ನೋಡುವುದಕ್ಕೆ ಚೆಂದ. ಎರಡೂ ಬೇಕಿದ್ದರೆ ಒಂದಾದ ಮೇಲೆ ಒಂದು: ಮೊದಲು ವಿನೆಗರ್, ಒಂದು ಗಂಟೆಯ ನಂತರ ತೊಳೆದು, ಆಮೇಲೆ ಸೋಡಾ ಹಾಕಿ ಉಜ್ಜುವುದು.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬಯೋ ಎಂಜೈಮ್ ತುಂಬ ಓಡುತ್ತಿದೆ. ಮೂರು ಪಾಲು ಮೂಸಂಬಿ, ಕಿತ್ತಳೆ ಸಿಪ್ಪೆ, ಒಂದು ಪಾಲು ಬೆಲ್ಲ, ಹತ್ತು ಪಾಲು ನೀರು ಸೇರಿಸಿ ಮೂರು ತಿಂಗಳು ಹುಳಿಬರಿಸುವುದು. ಹಸಿಕಸಕ್ಕೆ ಒಂದು ದಾರಿಯಾಗುತ್ತದೆ, ನೆಲ ಒರೆಸಲು ಚೆನ್ನಾಗಿದೆ. ಬೂಷ್ಟಿನ ಲೆಕ್ಕಕ್ಕೆ ಬಂದರೆ ಅದು ತೆಳು ವಿನೆಗರಿನಂತೆಯೇ; ಪೂರ್ತಿ ಹುಳಿಯದಿದ್ದರೆ ಬೆಲ್ಲದ ಅಂಶ ಉಳಿದಿರುತ್ತದೆ ಎಂಬುದು ಹೆಚ್ಚಿನ ತಲೆನೋವು. ಅಂಟುವಾಳ, ಸೀಗೆಪುಡಿ ಜಿಡ್ಡು ತೆಗೆಯುತ್ತವೆ. ಬೂಷ್ಟಿನ ಆಹಾರವೇ ಜಿಡ್ಡಾದ್ದರಿಂದ ವಾರದ ತೊಳೆಯುವಿಕೆಗೆ ಅವು ಸಾಕು, ಬೇರೂರಿದ ಬೂಷ್ಟಿಗೆ ಸಾಲವು. ಬೇವಿನೆಣ್ಣೆ ಬೇಡ, ಎಣ್ಣೆಯ ಪೊರೆಗೆ ಧೂಳು ಮೆತ್ತಿಕೊಳ್ಳುತ್ತದೆ.

ಟೀ ಟ್ರೀ ಎಣ್ಣೆ ಈ ಗುಂಪಿನಲ್ಲಿ ನಿಜಕ್ಕೂ ಕಸುವಿರುವ ಪದಾರ್ಥ. ಮೇಲೆ ಹೇಳಿದ ಅಧ್ಯಯನದಲ್ಲಿ ಎರಡೂ ಬೂಷ್ಟುಗಳನ್ನು ಎಲ್ಲಕ್ಕಿಂತ ಚೆನ್ನಾಗಿ ತಡೆದದ್ದು ಅದೇ. 240 ಮಿ.ಲೀ. ನೀರಿಗೆ ಒಂದು ಟೀ ಚಮಚ ಎಣ್ಣೆ ಹಾಕಿ, ಪ್ರತಿ ಸಲವೂ ಕುಲುಕಿ ಸಿಂಪಡಿಸಬೇಕು. ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ಬೆಲೆ ಜಾಸ್ತಿ, ವಾಸನೆ ಎರಡು ಮೂರು ದಿನ ನಿಲ್ಲುತ್ತದೆ, ಬೆಕ್ಕು ನಾಯಿಗಳಿಗೆ ವಿಷ. ಇಡೀ ಬಚ್ಚಲಿಗೆ ಹೊಡೆಯುವುದಕ್ಕಿಂತ ತೊಳೆದ ಮೇಲೆ ಮೂಲೆಗಳಿಗೆ ಕಾವಲಾಗಿ ಬಳಸುವುದು ಲೇಸು.

ಹಳೆಯ ಮನೆಗಳ ಮದ್ದನ್ನು ಈ ಪಟ್ಟಿಯಲ್ಲಿ ಯಾರೂ ಸೇರಿಸುವುದಿಲ್ಲ: ಸುಣ್ಣ. ಮಳೆ ನಿಂತ ಮೇಲೆ ಹಬ್ಬಕ್ಕೆ ಮುಂಚೆ ಗೋಡೆಗೆ ಸುಣ್ಣ ಬಳಿಯುತ್ತಿದ್ದುದರಲ್ಲಿ ಅಂದಕ್ಕಿಂತ ಹೆಚ್ಚಿನದೊಂದು ಲಾಭವಿತ್ತು. ಹೊಸ ಸುಣ್ಣದ ಕ್ಷಾರದಲ್ಲಿ ಬೂಷ್ಟು ಬೆಳೆಯಲಾರದು. ಗಾಳಿಯ ಇಂಗಾಲದ ಡೈಆಕ್ಸೈಡ್ ತಾಗಿ ಆ ಕ್ಷಾರ ಮೆಲ್ಲಗೆ ಇಳಿಯುತ್ತದೆ, ಅದಕ್ಕೇ ಆಗಾಗ ಮತ್ತೆ ಬಳಿಯಬೇಕು. ಬಚ್ಚಲ ಗೋಡೆ ಬರೀ ಗಾರೆಯದಾಗಿದ್ದು ಪ್ಲಾಸ್ಟಿಕ್ ಪೇಂಟ್ ಕಂಡಿಲ್ಲದಿದ್ದರೆ ಇಂದಿಗೂ ಇದು ಒಳ್ಳೆಯ ದಾರಿ. ಪೇಂಟ್ ಮೇಲೆ ಸುಣ್ಣ ಕಚ್ಚುವುದಿಲ್ಲ. ಕಣ್ಣಿಗೆ ಕನ್ನಡಕ ಹಾಕದೆ ಸುಣ್ಣ ಬಳಿಯಬೇಡಿ. ಮಲೆನಾಡಿನ ಕಡೆ ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮನೆಯಲ್ಲೇ ಇರುತ್ತದೆ, ಅದನ್ನೇ ಬಚ್ಚಲಿಗೂ ಹೊಡೆದರಾಗದೇ ಎಂಬ ಯೋಚನೆ ಬರಬಹುದು. ಬೇಡ. ಅದರಲ್ಲಿರುವ ಮೈಲುತುತ್ತದ ನೀಲಿ ಕಲೆ ಸಂದಿನಿಂದ ಹೋಗುವುದಿಲ್ಲ, ಅಲ್ಲದೆ ಅದು ಬೂಷ್ಟು ಬರದಂತೆ ತಡೆಯುವ ಮದ್ದೇ ಹೊರತು ಬಂದದ್ದನ್ನು ತೆಗೆಯುವುದಲ್ಲ.

ಎರಡೂ ಪಕ್ಷಕ್ಕೆ ಸೇರದ ಎರಡು

ಹೈಡ್ರೋಜನ್ ಪೆರಾಕ್ಸೈಡನ್ನು ನೈಸರ್ಗಿಕದವರೂ ತಮ್ಮದೆನ್ನುತ್ತಾರೆ, ರಾಸಾಯನಿಕದವರೂ ತಮ್ಮದೆನ್ನುತ್ತಾರೆ. ಕೆಲಸ ಮುಗಿದ ಮೇಲೆ ಅದು ನೀರು ಮತ್ತು ಆಮ್ಲಜನಕವಾಗಿ ಒಡೆದುಹೋಗುತ್ತದೆ, ಘಾಟು ವಾಸನೆಯಿಲ್ಲ, ಕಲೆಯ ಬಣ್ಣವನ್ನೂ ತಕ್ಕಮಟ್ಟಿಗೆ ತೆಗೆಯುತ್ತದೆ. ಔಷಧಿ ಅಂಗಡಿಯ ಬಾಟಲಿಯ ಮೇಲೆ 20 ವಾಲ್ಯೂಮ್ ಎಂದಿದ್ದರೆ ಸುಮಾರು ಶೇ 6 ಎಂದರ್ಥ. ಅಷ್ಟೇ ನೀರು ಬೆರೆಸಿದರೆ ಶೇ 3 ಆಗುತ್ತದೆ, ಬೂಷ್ಟಿಗೆ ಅದು ಸಾಕು. ಸಿಂಪಡಿಸಿ ಹತ್ತು ಹದಿನೈದು ನಿಮಿಷ ಬಿಟ್ಟು ಉಜ್ಜಿ. ಬೆಳಕಿಗೆ ಇದು ಬೇಗ ಸಪ್ಪೆಯಾಗುವುದರಿಂದ ಪಾರದರ್ಶಕ ಬಾಟಲಿಯಲ್ಲಿ ತುಂಬಿಡಬೇಡಿ. ಬೇಕಾದಷ್ಟನ್ನು ಆಗಲೇ ಬೆರೆಸಿಕೊಂಡು, ಮಿಕ್ಕಿದ್ದನ್ನು ಚೆಲ್ಲಿ. ಟವೆಲ್, ಬಣ್ಣದ ಬಟ್ಟೆ ದೂರವಿರಲಿ.

ಬಚ್ಚಲ ನೀರನ್ನು ಬಾಳೆಗೋ ತೆಂಗಿಗೋ ಬಿಡುವ ಮನೆಗಳಿಗೆ, ಸೆಪ್ಟಿಕ್ ಟ್ಯಾಂಕ್ ಚಿಕ್ಕದಿರುವವರಿಗೆ ನಮ್ಮ ಮೊದಲ ಸಲಹೆ ಪೆರಾಕ್ಸೈಡೇ. ತಿಂಗಳಿಗೊಮ್ಮೆ ಒಂದು ಲೀಟರ್ ತೆಳು ಬ್ಲೀಚ್ ಹೋದರೆ ಸೆಪ್ಟಿಕ್ ಟ್ಯಾಂಕ್ ಸಾಯುವುದಿಲ್ಲ. ವಾರವಾರ ಹಾಕಿದರೆ ಮಾತ್ರ ಒಳಗಿನ ಬ್ಯಾಕ್ಟೀರಿಯಗಳಿಗೆ ಏಟು ಬೀಳುತ್ತದೆ.

ಇನ್ನೊಂದು, ಸೋಡಿಯಂ ಪರ್‌ಕಾರ್ಬೊನೇಟ್. ಬಟ್ಟೆಯ ಕಲೆ ತೆಗೆಯಲು ಮಾರುವ ‘ಆಕ್ಸಿ’ ಪುಡಿಗಳಲ್ಲಿ ಇರುವುದು ಇದೇ. ಒಂದು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಕರಗಿಸಿ, ಬಿಸಿ ಇರುವಾಗಲೇ ನೆಲದ ಸಂದುಗಳ ಮೇಲೆ ಸುರಿದು ಅರ್ಧ ಗಂಟೆ ಬಿಟ್ಟು ಉಜ್ಜಬೇಕು. ತಣ್ಣೀರಿನಲ್ಲಿ ಇದು ಸೋಮಾರಿ. ಕರಗಿಸಿದ್ದನ್ನು ಮುಚ್ಚಳ ಬಿಗಿದು ಇಡಬಾರದು, ಒಳಗೆ ಗಾಳಿ ಹುಟ್ಟಿ ಬಾಟಲಿ ಒಡೆಯಬಹುದು. ನೆಲದ ಸಂದಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಗೋಡೆಯ ಮೇಲೆ ನಿಲ್ಲದೆ ಇಳಿದುಹೋಗುವುದೊಂದೇ ಕುಂದು.

ಬ್ಲೀಚ್: ಎಷ್ಟು, ಎಷ್ಟು ಹೊತ್ತು

ಬ್ಲೀಚ್ ಎಂದರೆ ಸೋಡಿಯಂ ಹೈಪೋಕ್ಲೋರೈಟ್. ಬಾಟಲಿಯ ಮುಂದಿನ ಹೆಸರು ಏನೇ ಇರಲಿ, ಹಿಂದಿನ ಚೀಟಿಯಲ್ಲಿ ಈ ಹೆಸರಿದೆಯೇ ನೋಡಿ. ಮನೆಬಳಕೆಯದರಲ್ಲಿ ಸಾಮಾನ್ಯವಾಗಿ ಶೇ 4ರಿಂದ 6 ಇರುತ್ತದೆ. ಟೈಲ್ಸಿಗೆ ಒಂದು ಲೀಟರ್ ತಣ್ಣೀರಿಗೆ 60 ಮಿ.ಲೀ., ಹಟಮಾರಿ ಸಂದುಗಳಿಗೆ 900 ಮಿ.ಲೀ. ನೀರಿಗೆ 100 ಮಿ.ಲೀ. ಬೆರೆಸಿ, ಹತ್ತು ನಿಮಿಷ ಒದ್ದೆಯಾಗಿಯೇ ಇರಿಸಿ, ಉಜ್ಜಿ ತೊಳೆಯಬೇಕು. ಇದಕ್ಕಿಂತ ಗಟ್ಟಿಯಾಗಿ ಬೆರೆಸಿದರೆ ಘಾಟು ಹೆಚ್ಚುತ್ತದೆ, ನಲ್ಲಿಯ ಹೊಳಪು ಹೋಗುತ್ತದೆ, ಬೂಷ್ಟಿಗೆ ಹೇಳಿಕೊಳ್ಳುವಂಥ ಹೆಚ್ಚಿನ ಏಟೇನೂ ಬೀಳುವುದಿಲ್ಲ. ಬಿಸಿನೀರು ಬೇಡ, ಕಸುವು ಬೇಗ ಹೋಗಿ ಆವಿ ಮೂಗಿಗೆ ಬರುತ್ತದೆ. ಬೆರೆಸಿದ್ದು ಅವತ್ತಿಗೇ ಮುಗಿಯಬೇಕು. ಮುಚ್ಚಿದ ಬಾಟಲಿಯೂ ಬಿಸಿಲಿಗೆ, ಸೆಕೆಗೆ ತಿಂಗಳುಗಟ್ಟಲೆ ಇದ್ದರೆ ಸಪ್ಪೆಯಾಗುತ್ತದೆ. ಬ್ಲೀಚ್ ಹಾಕಿದರೂ ಹೋಗಲಿಲ್ಲ ಎಂಬ ದೂರಿಗೆ ಎಷ್ಟೋ ಸಲ ಹಳೆಯ ಬಾಟಲಿಯೇ ಕಾರಣ.

ಬ್ಲೀಚಿಂಗ್ ಪೌಡರ್ ಇದರ ಅಗ್ಗದ ಅಣ್ಣ. ಒಳ್ಳೆಯ ಪುಡಿಯಲ್ಲಿ ಸುಮಾರು ಶೇ 30ರಷ್ಟು ಕ್ಲೋರಿನ್ ಸಿಗುತ್ತದೆ. ಒಂದು ಲೀಟರ್ ನೀರಿಗೆ 15ರಿಂದ 17 ಗ್ರಾಂ, ಅಂದರೆ ಮೂರು ಟೀ ಚಮಚದ ಆಸುಪಾಸು ಹಾಕಿದರೆ ಮೇಲೆ ಹೇಳಿದ 100 ಮಿ.ಲೀ. ದ್ರಾವಣದಷ್ಟೇ ಕಸುವು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಕಿ, ಇಪ್ಪತ್ತು ನಿಮಿಷ ತಿಳಿಯಾಗಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ತಳದ ಬಿಳಿ ಗಷ್ಟು ಟೈಲ್ಸ್ ಮೇಲೆ ಬಿದ್ದರೆ ಒಣಗಿ ಸುಣ್ಣದ ಕಲೆಯಾಗುತ್ತದೆ. ಒದ್ದೆ ನೆಲದ ಮೇಲೆ ಪುಡಿಯನ್ನೇ ಎರಚಿ ರಾತ್ರಿಯಿಡೀ ಬಿಡುವ ರೂಢಿ ಬೇಡ, ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಬೆಳಗ್ಗೆ ಕಾಲಿಟ್ಟವರಿಗೆ ಕೆಮ್ಮು ಖಂಡಿತ. ಪುಡಿ ಥಂಡಿ ಹೀರಿ ಗಂಟುಗಟ್ಟಿದ್ದರೆ, ವಾಸನೆಯೇ ಇಲ್ಲದಿದ್ದರೆ ಕೊಂಡು ಪ್ರಯೋಜನವಿಲ್ಲ.

ಬ್ಲೀಚಿನ ಮಿತಿಯನ್ನು ಅದರ ಅಭಿಮಾನಿಗಳು ಹೇಳುವುದಿಲ್ಲ. ಹೊಳಪು ಪದರವಿರುವ ಟೈಲ್ಸ್, ಸೆರಾಮಿಕ್, ಗಾಜು, ಗಟ್ಟಿ ಪ್ಲಾಸ್ಟಿಕ್ ಮೇಲೆ ಅದು ರಾಜ. ನೀರು ಹೀರುವ ಮೈಯಲ್ಲಿ, ಅಂದರೆ ಗಾರೆ, ಮರ, ಜಿಪ್ಸಂ ಹಲಗೆಯಲ್ಲಿ, ಕ್ಲೋರಿನ್ ಮೇಲ್ಮೈಯಲ್ಲೇ ಮುಗಿದುಹೋಗುತ್ತದೆ, ಜೊತೆಗಿದ್ದ ನೀರು ಮಾತ್ರ ಒಳಗಿಳಿಯುತ್ತದೆ. ಮೇಲೆ ಬೆಳ್ಳಗಾಗುತ್ತದೆ, ಒಳಗಿನ ಬೇರಿಗೆ ನೀರು ಕುಡಿಸಿದಂತಾಗುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಕೂಡ ಬೂಷ್ಟು ತೆಗೆಯಲು ಬ್ಲೀಚನ್ನು ವಾಡಿಕೆಯಾಗಿ ಬಳಸಿ ಎಂದು ಶಿಫಾರಸು ಮಾಡುವುದಿಲ್ಲ.

ಬೆರೆಸಬಾರದ್ದು

ಬ್ಲೀಚ್ ಜೊತೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ನಮ್ಮ ಬಚ್ಚಲುಗಳಲ್ಲಿ ಇದು ಆಗುವ ಬಗೆ ಹೀಗೆ: ಕಮೋಡಿಗೆ ಟಾಯ್ಲೆಟ್ ಕ್ಲೀನರ್ ಹಾಕಿ ಬಿಟ್ಟಿರುತ್ತಾರೆ, ಅದೇ ಹೊತ್ತಿಗೆ ಗೋಡೆಗೆ ಬ್ಲೀಚ್ ಸಿಂಪಡಿಸುತ್ತಾರೆ. ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಬಹುಪಾಲು ಹೈಡ್ರೋಕ್ಲೋರಿಕ್ ಆಮ್ಲದವು. ಎರಡರ ನೀರೂ ಒಂದೇ ಮೋರಿಗೆ ಇಳಿದು ಅಲ್ಲಿ ಸೇರುತ್ತದೆ. ವಿನೆಗರ್, ನಿಂಬೆ ಉಪ್ಪು, ಬಯೋ ಎಂಜೈಮ್ ಕೂಡ ಆಮ್ಲವೇ ಎಂಬುದು ನೆನಪಿರಲಿ. ನೈಸರ್ಗಿಕವನ್ನೂ ರಾಸಾಯನಿಕವನ್ನೂ ಸೇರಿಸಿ ‘ಡಬಲ್ ಪವರ್’ ಮಾಡಲು ಹೋದವರೇ ಆಸ್ಪತ್ರೆ ಸೇರುವುದು. ಅಮೋನಿಯ ಇರುವ ಗಾಜು ಒರೆಸುವ ದ್ರಾವಣ, ಮೂತ್ರ ಇವುಗಳ ಜೊತೆ ಬ್ಲೀಚ್ ಸೇರಿದರೆ ಕ್ಲೋರಮೀನ್ ಹುಟ್ಟುತ್ತದೆ, ಅದೂ ಶ್ವಾಸಕೋಶಕ್ಕೆ ಕೆಟ್ಟದ್ದು. ಪೆರಾಕ್ಸೈಡ್ ಮತ್ತು ವಿನೆಗರನ್ನು ಒಂದೇ ಬಾಟಲಿಯಲ್ಲಿ ಬೆರೆಸಿದರೆ ಪೆರಾಸಿಟಿಕ್ ಆಮ್ಲವಾಗಿ ಕಣ್ಣು ಮೂಗು ಸುಡುತ್ತದೆ.

ಒಂದು ವಿಧಾನ ಫಲಿಸಲಿಲ್ಲ ಎಂದು ಇನ್ನೊಂದಕ್ಕೆ ಹೋಗುವ ಮುನ್ನ ಎರಡು ಮೂರು ಬಕೆಟ್ ನೀರು ಸುರಿದು, ಒಣಗಿಸಿ, ಮರುದಿನ ಶುರುಮಾಡಿ. ಗಂಟಲು ಹಿಡಿಯುವ ಘಾಟು ಬಂದರೆ ಬಾಟಲಿ ಮುಚ್ಚಲು, ನೀರು ಸುರಿಯಲು ನಿಲ್ಲಬೇಡಿ. ಹೊರಗೆ ಬಂದು ಗಾಳಿಯಲ್ಲಿ ನಿಲ್ಲಿ. ಉಸಿರು ಕಟ್ಟುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಬ್ಲೀಚ್ ಕಣ್ಣಿಗೆ ಹಾರಿದರೆ ಹದಿನೈದು ನಿಮಿಷ ಬಿಡದೆ ನಲ್ಲಿ ನೀರಿನಲ್ಲಿ ತೊಳೆದು ಆಮೇಲೆ ವೈದ್ಯರಲ್ಲಿಗೆ.

ಆಸಿಡ್ ಬಾಟಲಿಗೆ ಬೂಷ್ಟಿನ ಕೆಲಸದಲ್ಲಿ ಜಾಗವೇ ಇಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಸುರಿದ ಕೂಡಲೇ ಬಚ್ಚಲು ಹೊಸದರಂತೆ ಕಾಣುವುದು ನಿಜ, ಯಾಕೆಂದರೆ ಅದು ಸಂದಿನ ಸಿಮೆಂಟಿನ ಮೇಲ್ಪದರವನ್ನೇ ತಿಂದಿರುತ್ತದೆ. ಹಾಗೆ ಒರಟಾದ ಸಂದು ಮುಂದಿನ ಮಳೆಗಾಲಕ್ಕೆ ಮೊದಲಿಗಿಂತ ಬೇಗ ಕಪ್ಪಾಗುತ್ತದೆ. ನಾಲ್ಕು ಸಲ ಆಸಿಡ್ ಹಾಕಿದ ಮೇಲೆ ಸಂದಿನಲ್ಲಿ ನೀರಿಳಿದು ಕೆಳಮನೆಯವರ ಚಾವಣಿ ತೊಟ್ಟಿಕ್ಕಲು ಶುರು. ಫಿನಾಯಿಲ್ ವಾಸನೆಗೆ ಸರಿ, ಬೂಷ್ಟಿನ ಕಲೆಗೆ ಉಪಯೋಗವಿಲ್ಲ. ಬೆಂಜಾಲ್ಕೋನಿಯಂ ಕ್ಲೋರೈಡ್ ಇರುವ ನೆಲ ಒರೆಸುವ ದ್ರಾವಣಗಳು ಕಲೆ ತೆಗೆಯವು. ತೊಳೆದ ಮೇಲೆ ಒರೆಸಿಡಲು ಮಾತ್ರ ಆದೀತು.

ಜಾಗಕ್ಕೆ ತಕ್ಕ ಮದ್ದು

ಹೊಳಪಿನ ಟೈಲ್ಸ್, ವಾಶ್ ಬೇಸಿನ್, ಗಾಜಿನ ಪಾರ್ಟಿಷನ್ ಇವುಗಳ ಮೇಲೆ ಯಾವುದು ಹಾಕಿದರೂ ನಡೆಯುತ್ತದೆ. ಇಲ್ಲಿ ಬ್ಲೀಚಿನ ಹಂಗೇ ಬೇಡ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಚಮಚ, ಒಂದು ಲೀಟರ್ ಬಿಸಿನೀರು, ಸ್ಪಂಜು. ಉಳಿದ ಚುಕ್ಕೆಗೆ ವಿನೆಗರ್.

ಟೈಲ್ಸ್ ಸಂದು ಅಷ್ಟು ಸುಲಭವಲ್ಲ. ಸಿಮೆಂಟಿನ ಗ್ರೌಟ್ ಸ್ಪಂಜಿನ ಹಾಗೆ ನೀರು ಹೀರುತ್ತದೆ. ಮೊದಲು ಸಾಬೂನು ನೀರಿನಲ್ಲಿ ಉಜ್ಜಿ ಜಿಡ್ಡು ತೆಗೆಯಿರಿ, ಒರೆಸಿ ಒಣಗಲು ಬಿಡಿ. ಮೊದಲೇ ಒದ್ದೆಯಾಗಿರುವ ಸಂದಿಗೆ ಮದ್ದು ಇಳಿಯುವುದಿಲ್ಲ. ಎಲ್ಲರೂ ಬಿಟ್ಟುಬಿಡುವುದು ಈ ಹೆಜ್ಜೆಯನ್ನೇ. ಆಮೇಲೆ ಶೇ 3ರ ಪೆರಾಕ್ಸೈಡಿಗೆ ಅಡುಗೆ ಸೋಡಾ ಬೆರೆಸಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ ಸಂದಿಗೆ ಬಳಿದು ಹದಿನೈದು ನಿಮಿಷ ಬಿಟ್ಟು, ಸಂದಿನ ಉದ್ದಕ್ಕೇ ಬ್ರಷ್ ಎಳೆಯಿರಿ. ಅಡ್ಡಕ್ಕೆ ಉಜ್ಜಿದರೆ ಕೂದಲು ಟೈಲ್ಸ್ ಮೇಲೆಯೇ ಓಡುತ್ತದೆ, ಒಳಗಿಳಿಯುವುದಿಲ್ಲ. ತಂತಿ ಬ್ರಷ್ ಬೇಡ, ಗ್ರೌಟ್ ಕಿತ್ತುಬರುತ್ತದೆ. ಎರಡು ಸಲ ಮಾಡಿದರೂ ಹೋಗದಿದ್ದರೆ ಬ್ಲೀಚ್. ಬಣ್ಣದ ಗ್ರೌಟ್ ಆಗಿದ್ದರೆ ಕಮೋಡಿನ ಹಿಂದಿನ ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ. ವಿನೆಗರ್ ಇಲ್ಲಿ ಅಪರೂಪಕ್ಕೆ ಸರಿ, ವಾರವಾರ ಹಾಕಿದರೆ ಸಿಮೆಂಟ್ ಸವೆಯುತ್ತದೆ. ಶುಚಿಯಾದ ಗ್ರೌಟ್ ಎರಡು ಮೂರು ದಿನ ಒಣಗಿದ ಮೇಲೆ, ನೀರು ಇಳಿಯದಂತೆ ತಡೆಯುವ ಗ್ರೌಟ್ ಸೀಲರ್ ಬಳಿದರೆ ಮುಂದಿನ ಕೆಲಸ ಹಗುರ.

ವಾಶ್ ಬೇಸಿನ್ನಿನ ಸುತ್ತ, ಗಾಜಿನ ಬಾಗಿಲ ತಳದಲ್ಲಿ ಇರುವ ಸಿಲಿಕೋನ್ ಪಟ್ಟಿಗೆ ಬೂಷ್ಟು ಹಿಡಿದರೆ ವಿನೆಗರ್ ಎಷ್ಟು ಹಾಕಿದರೂ ಅಷ್ಟೇ. ಇಲ್ಲಿ ಬ್ಲೀಚೇ ಬೇಕು, ಅದೂ ಹತ್ತು ನಿಮಿಷಕ್ಕಲ್ಲ. ಟಿಶ್ಯೂ ಕಾಗದವನ್ನು ಹಗ್ಗದಂತೆ ಹೊಸೆದು ಪಟ್ಟಿಯ ಉದ್ದಕ್ಕೂ ಒತ್ತಿ ಕೂರಿಸಿ, ಬ್ಲೀಚ್ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಪೂರ್ತಿ ತೋಯಿಸಿ, ಒಣಗದಂತೆ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಎಕ್ಸಾಸ್ಟ್ ಫ್ಯಾನ್ ಹಾಕಿ, ಹೊರಗೆ ಬಂದು ಬಾಗಿಲು ಎಳೆದುಕೊಂಡು, ಮೂರು ನಾಲ್ಕು ಗಂಟೆಯ ನಂತರ ತೆಗೆದು ತೊಳೆಯಿರಿ. ಕಪ್ಪು ಕಲೆ ಪಟ್ಟಿಯ ಮೇಲ್ಭಾಗದಲ್ಲಿದ್ದರೆ ಹೋಗಿರುತ್ತದೆ. ಹೋಗದೆ ಒಳಗಿನಿಂದ ಮೋಡದಂತೆ ಕಾಣುತ್ತಿದ್ದರೆ ಬೂಷ್ಟು ಸಿಲಿಕೋನಿನ ಹಿಂದೆ ಸೇರಿದೆ, ಇನ್ನು ಯಾವ ದ್ರಾವಣಕ್ಕೂ ಅದು ಸಿಗುವುದಿಲ್ಲ. ಬ್ಲೇಡಿನಿಂದ ಎರಡೂ ಅಂಚು ಕೊಯ್ದು ಪಟ್ಟಿ ಎಳೆದು ತೆಗೆಯಿರಿ, ಉಳಿದ ಚೂರುಗಳನ್ನು ಹೆರೆಯಿರಿ. ಜಾಗವನ್ನು ತೊಳೆದು ಒಂದು ಪೂರ್ತಿ ದಿನ ಒಣಗಿಸಿ, ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಒರೆಸಿ. ಆ ಮೇಲೆ ಫಂಗಸ್ ನಿರೋಧಕ ಸ್ಯಾನಿಟರಿ ಸಿಲಿಕೋನ್ ಹಾಕಿ 24 ಗಂಟೆ ನೀರು ತಾಗಿಸದೆ ಬಿಡಿ. ಬ್ಲೀಚ್ ಪೂರ್ತಿ ತೊಳೆಯದೆ ಸ್ಪಿರಿಟ್ ಹಚ್ಚಬಾರದು, ಅವೆರಡೂ ಸೇರಬಾರದ ಜೋಡಿ.

ಶಹಾಬಾದ್ ಕಲ್ಲು, ಕಡಪ ಕಲ್ಲು, ಅಮೃತಶಿಲೆ ಇರುವ ಬಚ್ಚಲಿಗೆ ವಿನೆಗರ್, ನಿಂಬೆ, ಬಯೋ ಎಂಜೈಮ್ ಯಾವುದೂ ಕೂಡದು. ಇವೆಲ್ಲ ಸುಣ್ಣದ ಅಂಶದ ಕಲ್ಲುಗಳು. ಆಮ್ಲ ಬಿದ್ದ ಕಡೆ ಹೊಳಪು ಹೋಗಿ ಮಾಸಲು ಮಚ್ಚೆಯಾಗುತ್ತದೆ, ಪಾಲಿಶ್ ಮಾಡಿಸದೆ ಅದು ಹೋಗುವುದಿಲ್ಲ. ‘ನೈಸರ್ಗಿಕವಾದ್ದರಿಂದ ಹಾನಿಯಿಲ್ಲ’ ಎಂಬ ನಂಬಿಕೆ ಹೆಚ್ಚು ದುಡ್ಡು ಕಳೆಯುವುದು ಇಲ್ಲೇ. ಸಾಬೂನು ನೀರು, ಅಂಟುವಾಳದ ನೀರು, ಪೆರಾಕ್ಸೈಡ್ ಇವುಗಳಲ್ಲೇ ಮುಗಿಸಿ. ಕಡಪ ಕಪ್ಪಾದ್ದರಿಂದ ಪೆರಾಕ್ಸೈಡನ್ನೂ ಮೂಲೆಯಲ್ಲಿ ಹಚ್ಚಿ ನೋಡುವುದು ಒಳ್ಳೆಯದು. ರೆಡ್ ಆಕ್ಸೈಡ್ ನೆಲಕ್ಕೂ ಆಮ್ಲ ವರ್ಜ್ಯ.

ಪೇಂಟ್ ಮಾಡಿದ ಚಾವಣಿಯಲ್ಲಿ ಚುಕ್ಕೆ ಎದ್ದಿದ್ದರೆ ಒಣ ಬ್ರಷ್ಷಿನಿಂದ ಉಜ್ಜಬೇಡಿ, ಕಣಗಳೆಲ್ಲ ತಲೆಯ ಮೇಲೆ ಉದುರುತ್ತವೆ. ಶೇ 3ರ ಪೆರಾಕ್ಸೈಡಿನಲ್ಲಿ ಬಟ್ಟೆ ಅದ್ದಿ ಹಿಂಡಿ ಒತ್ತಿ ಒರೆಸಿ. ಪ್ರತಿ ಸಲ ಬಟ್ಟೆಯ ಹೊಸ ಮಗ್ಗುಲು ಬಳಸಿ. ಪೂರ್ತಿ ಒಣಗಿದ ಮೇಲೆ, ಅಂದರೆ ಮಳೆಗಾಲ ಕಳೆದ ಮೇಲೆಯೇ, ಫಂಗಸ್ ನಿರೋಧಕ ಪೇಂಟ್ ಹೊಡೆಸಿ. ಬೂಷ್ಟಿನ ಮೇಲೆಯೇ ಹೊಡೆದ ಪೇಂಟ್ ಆರು ತಿಂಗಳೂ ನಿಲ್ಲದೆ ಸುಲಿದುಬರುತ್ತದೆ. ಜಿಪ್ಸಂ ಫಾಲ್ಸ್ ಸೀಲಿಂಗ್ ಒದ್ದೆಯಾಗಿ ಮೆತ್ತಗಾಗಿದ್ದರೆ ತೊಳೆಯುವ ಮಾತೇ ಇಲ್ಲ, ಆ ಹಲಗೆಯನ್ನು ಕತ್ತರಿಸಿ ಬದಲಿಸಬೇಕು. ಮರದ ಚೌಕಟ್ಟಿಗೆ ವಿನೆಗರ್ ಒರೆಸಿ ಒಣಗಿಸಿ ಮೇಲೆ ಪಾಲಿಶ್. ತಳ ಕೊಳೆತ ಪ್ಲೈವುಡ್ ಬಾಗಿಲಿಗೆ ಮದ್ದಿಲ್ಲ. ಶವರ್ ಪರದೆ ಬಿಸಿನೀರಿನಲ್ಲಿ ಆಕ್ಸಿ ಪುಡಿ ಹಾಕಿ ಒಂದು ಗಂಟೆ ನೆನೆಸಿದರೆ ಸರಿಹೋಗುತ್ತದೆ.

ಯಾವ ಮದ್ದಾದರೂ ಕೆಲಸದ ಹೊತ್ತಿಗೆ ರಬ್ಬರ್ ಕೈಗವಸು, ಕನ್ನಡಕ, ಎನ್95 ಮಾಸ್ಕ್ ಇರಲಿ. ಎನ್95 ಬೂಷ್ಟಿನ ಕಣ ತಡೆಯುತ್ತದೆ, ಕ್ಲೋರಿನ್ ಘಾಟನ್ನಲ್ಲ. ಅದಕ್ಕೆ ತೆರೆದ ಕಿಟಕಿಯೇ ಬೇಕು. ಉಬ್ಬಸ ಇರುವವರು, ಕೀಮೋಥೆರಪಿಯಂಥ ಚಿಕಿತ್ಸೆಯಲ್ಲಿರುವವರು ಈ ಕೆಲಸಕ್ಕೆ ಕೈಹಾಕಬಾರದು.

ಮತ್ತೆ ಯಾಕೆ ಬರುತ್ತದೆ

ಒದ್ದೆಯಾದ ಜಾಗ 24ರಿಂದ 48 ಗಂಟೆಯೊಳಗೆ ಒಣಗಿದರೆ ಬೂಷ್ಟಿಗೆ ಬೇರೂರಲು ಹೊತ್ತು ಸಾಲದು. ಬಕೆಟ್ ಸ್ನಾನದಲ್ಲಿ ಸೊಂಟದೆತ್ತರದವರೆಗೆ ಗೋಡೆಯೆಲ್ಲ ತೋಯುತ್ತದೆ. ಕೊನೆಗೆ ಸ್ನಾನ ಮಾಡಿದವರು ಗೋಡೆಗೊಂದು ಸಲ, ನೆಲಕ್ಕೊಂದು ಸಲ ವೈಪರ್ ಎಳೆದರೆ ಅರ್ಧ ಗೆದ್ದಂತೆ. ಎಕ್ಸಾಸ್ಟ್ ಫ್ಯಾನ್ ಸ್ನಾನದ ನಂತರವೂ 20ರಿಂದ 30 ನಿಮಿಷ ಓಡಬೇಕು. 5 ಅಡಿಗೆ 8 ಅಡಿ, 9 ಅಡಿ ಎತ್ತರದ ಬಚ್ಚಲೆಂದರೆ 360 ಘನ ಅಡಿ ಗಾಳಿ. ನಿಮಿಷಕ್ಕೆ 50 ಘನ ಅಡಿ ಎಳೆಯುವ ಫ್ಯಾನ್ ಅದನ್ನು ಸುಮಾರು ಏಳು ನಿಮಿಷಕ್ಕೊಮ್ಮೆ ಬದಲಿಸುತ್ತದೆ, ಲೆಕ್ಕದಲ್ಲಿ ಸಾಕು. ಸಾಲದಾಗುವುದು ಬೇರೆ ಕಾರಣಕ್ಕೆ: ಬಾಗಿಲ ಕೆಳಗೆ ಸಂದಿಲ್ಲದೆ ಒಳಗೆ ಗಾಳಿ ಬರುವ ದಾರಿಯೇ ಇರುವುದಿಲ್ಲ, ಅಥವಾ ಫ್ಯಾನಿನ ಪಕ್ಕದ ಕಿಟಕಿ ತೆರೆದಿದ್ದು ಅಲ್ಲಿಂದ ಬಂದ ಗಾಳಿಯನ್ನೇ ಹೊರಗೆ ತಳ್ಳುತ್ತಿರುತ್ತದೆ. ಬಾಗಿಲ ಕೆಳಗೆ ಮುಕ್ಕಾಲು ಇಂಚು ಬಿಡಿ, ಫ್ಯಾನ್ ಓಡುವಾಗ ಪಕ್ಕದ ಕಿಟಕಿ ಮುಚ್ಚಿ. ರೆಕ್ಕೆಗೆ ಮೆತ್ತಿದ ಧೂಳನ್ನು ಸ್ವಿಚ್ ಆರಿಸಿ ಮೂರು ತಿಂಗಳಿಗೊಮ್ಮೆ ಒರೆಸಿ. ಜುಲೈ ತಿಂಗಳ ಕರಾವಳಿಯಲ್ಲಿ, ಮಲೆನಾಡಿನಲ್ಲಿ ಹೊರಗಿನ ಗಾಳಿಯೇ ಒದ್ದೆ. ಅಲ್ಲಿ ಫ್ಯಾನಿಗಿಂತ ವೈಪರ್, ಒಣಬಟ್ಟೆ ಹೆಚ್ಚು ಕೆಲಸ ಮಾಡುತ್ತವೆ.

ಎಲ್ಲ ಮಾಡಿಯೂ ಒಂದೇ ಜಾಗದಲ್ಲಿ, ಒಂದೇ ಆಕಾರದಲ್ಲಿ ಮತ್ತೆ ಮತ್ತೆ ಬರುತ್ತಿದ್ದರೆ ಗೋಡೆಯೊಳಗಿನಿಂದ ನೀರು ಬರುತ್ತಿರಬಹುದು. ಗೋಡೆಯ ಆ ಭಾಗವನ್ನು ಒರೆಸಿ ಒಣಗಿಸಿ, ಒಂದಡಿ ಚದರದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಹೊರಮೈಯಲ್ಲಿ ಹನಿಗಟ್ಟಿದ್ದರೆ ಬಚ್ಚಲಿನ ಆವಿ. ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ, ಹನಿಗಟ್ಟಿದ್ದರೆ ಸೀಪೇಜ್. ಕಪ್ಪು ಕಲೆ ಚಾವಣಿಯಲ್ಲಿದ್ದು ಮೇಲ್ಮನೆ ಇದ್ದರೆ ಅವರನ್ನು ಕೇಳಿಕೊಂಡು ಅವರ ಬಚ್ಚಲಿನ ಮೋರಿಗೆ ಬಟ್ಟೆ ತುರುಕಿ, ಒಂದಿಂಚು ನೀರು ನಿಲ್ಲಿಸಿ 24 ಗಂಟೆ ಬಿಟ್ಟು ನೋಡಿ. ನೀರಿನ ಮಟ್ಟ ಇಳಿದು ನಿಮ್ಮ ಚಾವಣಿಯ ಕಲೆ ಕಪ್ಪೇರಿದರೆ ಅವರ ನೆಲದ ವಾಟರ್‌ಪ್ರೂಫಿಂಗ್ ಹೋಗಿದೆ. ನೀರು ಹಾಗೇ ನಿಂತಿದ್ದೂ ನಿಮ್ಮಲ್ಲಿ ತೊಟ್ಟಿಕ್ಕುತ್ತಿದ್ದರೆ ಪೈಪಿನ ಜಾಯಿಂಟ್ ನೋಡಿಸಬೇಕು. ಅದು ದುರಸ್ತಿಯಾಗಿ ಗೋಡೆ ಒಣಗುವವರೆಗೆ ಪೇಂಟಿಗೂ ಮದ್ದಿಗೂ ಖರ್ಚು ಮಾಡಬೇಡಿ.